ಒಬ್ಬಳೇ ಶಿಷ್ಯೆ, ಆರು ವಿಷಯ

ನಮ್ಮ ಕಡೆಯ ಮನೆಗಳಲ್ಲಿ ಮಗನೋ ಮಗಳೋ ಹತ್ತನೆಯ ಇಯತ್ತೆಗೆ ಬಂದರೆಂದರೆ "ಶಿಕವಣಿ ಎಲ್ಲಿ ಹಚ್ಚಿದಿರಿ?" ಎಂಬ ಮಾತು ಕುಶಲಪ್ರಶ್ನೆಯಷ್ಟೇ ಸಹಜವಾಗಿ ಬರುವದು. ಗಣಿತಕ್ಕೆ ಒಬ್ಬರು, ವಿಜ್ಞಾನಕ್ಕೆ ಇನ್ನೊಬ್ಬರು, ಇಂಗ್ಲಿಷಿಗೆ ಮತ್ತೊಬ್ಬರು. ಹೀಗೆ ಹುಡುಗನು ಬೆಳಗಿನಿಂದ ರಾತ್ರಿಯವರೆಗೆ ಒಂದು ಪಡಸಾಲೆಯಿಂದ ಇನ್ನೊಂದು ಪಡಸಾಲೆಗೆ ತಿರುಗುತ್ತಲೇ ಇರುವನು. ಹಣವುಳ್ಳ ಗೃಹಸ್ಥರು ಇದಕ್ಕಾಗಿ ಧಾರಾಳವಾಗಿ ವೆಚ್ಚ ಮಾಡುವರು. ಇಲ್ಲದವರು ತಮ್ಮ ಮಕ್ಕಳಿಗೆ ಅನ್ಯಾಯವಾಯಿತೆಂದು ಒಳಗೊಳಗೇ ಕೊರಗುವರು. ಆದರೆ ಮಗುವು ಯಾವ ಮೆಟ್ಟಲಲ್ಲಿ ಎಡವಿ ಬಿದ್ದಿದೆ ಎಂಬದನ್ನು ಕೇಳುವವರು ಈ ಎರಡು ಬಗೆಯವರಲ್ಲಿಯೂ ಕಡಿಮೆ. ಒಬ್ಬಳೇ ವಿದ್ಯಾರ್ಥಿನಿಗೆ ಒಬ್ಬನೇ ಶಿಕ್ಷಕನು ಆರೂ ವಿಷಯಗಳನ್ನು ಹೇಳಲು ಕುಳಿತರೆ ಏನು ಕಾಣಬರುವದು, ಎಷ್ಟು ಸಾಧಿಸುವದು, ಯಾವದು ಸಾಧಿಸದೆ ಉಳಿಯುವದು ಎಂಬದನ್ನು ನಾನು ಕಂಡ ಮಟ್ಟಿಗೆ ಇಲ್ಲಿ ಬರೆಯುವೆನು. ಪಾಲಕರಾದ ವಾಚಕರಿಗೆ ಇದರಿಂದ ತುಸುವಾದರೂ ಉಪಯೋಗವಾದೀತೆಂದು ನನ್ನ ಆಶೆ.

ನಾನು ವೃತ್ತಿಯಿಂದ ಸಂಸ್ಕೃತದ ಶಿಕ್ಷಕನು. ನೌಕರಿಯಲ್ಲಿದ್ದಷ್ಟು ಕಾಲ ಖಾಸಗಿ ಶಿಕವಣಿಯ ಗೊಡವೆಗೆ ಹೋದವನಲ್ಲ. ೨೦೦೯ರ ಶಿಕ್ಷಣ ಹಕ್ಕಿನ ಕಾಯದೆಯ ೨೮ನೆಯ ಕಲಮು ಶಿಕ್ಷಕರಿಗೆ ಅದನ್ನು ನಿಷೇಧಿಸಿಯೇ ಇದೆ. ನಿವೃತ್ತನಾದ ಮೇಲೆ ಆ ನಿರ್ಬಂಧವು ತಾನಾಗಿಯೇ ಸಡಲಿತು. ಈಗ ಹುಬ್ಬಳ್ಳಿ ತಾಲೂಕಿನ ಸುಳ್ಳ ಎಂಬ ಗ್ರಾಮದಲ್ಲಿ ನನ್ನ ವಾಸ. ಎರೆಯ ಭೂಮಿಯ ಊರು. ಹೆಸರು, ಹತ್ತಿ, ಜೋಳ, ಕಡಲೆಗಳ ಮೇಲೆ ಜನರ ಜೀವನ. ಊರ ಹೆಸರನ್ನು ಕೇಳಿ ಹೊರಗಿನವರು ನಗುವದುಂಟು. "ಸುಳ್ಳದವರ ಮಾತು ಖರೇ ಅಂತ ಹ್ಯಾಂಗ ನಂಬೂದ್ರಿ?" ಎಂದು ಪೇಟೆಯ ಅಂಗಡಿಕಾರರು ಚೇಷ್ಟೆ ಮಾಡಿದರೆ ನಮ್ಮವರೂ ನಕ್ಕು ಸುಮ್ಮನಾಗುವರು. ಆದರೆ ಸುಳ್ಳಿನ ಮಾತೊಂದು ಈ ಪ್ರಬಂಧದಲ್ಲಿ ನಿಜವಾಗಿಯೂ ಬರಲಿಕ್ಕಿದೆ. ಅದು ಈ ಊರಿನದಲ್ಲ, ಎಲ್ಲ ಊರುಗಳ ಶಾಲೆಗಳದು.

೨೦೨೪ರ ದೀಪಾವಳಿ ಮುಗಿದ ಮರುವಾರ ನಾಲ್ಕು ಎಕರೆ ಹೊಲವುಳ್ಳ ಒಬ್ಬ ಒಕ್ಕಲಿಗನು ತನ್ನ ಹಿರಿಯ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದನು. ಮಧ್ಯವಾರ್ಷಿಕ ಪರೀಕ್ಷೆಯಲ್ಲಿ ಆ ಹುಡುಗಿ ಗಣಿತ, ವಿಜ್ಞಾನ, ಇಂಗ್ಲಿಷು ಈ ಮೂರರಲ್ಲಿ ಅನುತ್ತೀರ್ಣಳಾಗಿದ್ದಳು. ಸಮಾಜ ವಿಜ್ಞಾನದಲ್ಲಿ ಕೂದಲೆಳೆಯಲ್ಲಿ ಪಾರಾಗಿದ್ದಳು. "ಗುರುಗಳ, ಹತ್ತನೇತ್ತೆ ಒಂದು ಪಾರಾದ್ರ ಹುಬ್ಬಳ್ಳಿ ಕಾಲೇಜಿಗೆ ಕಳಸತೀನ್ರಿ. ಇಲ್ಲಂದ್ರ ಮನ್ಯಾಗ ಅವರವ್ವಗ ಕೈಗೂಡಸ್ಲಿ. ಆರೂ ವಿಷಯದ್ದು ಮುಖ್ಯ ಮುಖ್ಯ ಪ್ರಶ್ನಾ ಅಷ್ಟ ತಗದು ಬಾಯಿಪಾಠ ಮಾಡಸ್ರಿ" ಎಂದು ಆತನು ಹೇಳಿದನು. ಆ ಮಾತಿನಲ್ಲಿ ನಿಷ್ಠುರತೆಯಿರಲಿಲ್ಲ. ತನ್ನ ಶಕ್ತಿಯ ಲೆಕ್ಕವನ್ನು ತಾನು ಬಲ್ಲ ಮನುಷ್ಯನ ಮಾತದು. ಹುಡುಗಿ ಮಾತ್ರ ನೆಲವನ್ನೇ ನೋಡುತ್ತ ನಿಂತಿದ್ದಳು. ಐದು ತಿಂಗಳಲ್ಲಿ ಅವಳ ಮುಂದಿನ ದಾರಿ ನಿರ್ಣಯವಾಗಬೇಕಾಗಿತ್ತು.

ನಾನು ಒಪ್ಪಿಕೊಂಡೆನು. ಸಂಸ್ಕೃತದವನು ಗಣಿತ ವಿಜ್ಞಾನಗಳನ್ನು ಹೇಗೆ ಹೇಳುವನೆಂಬ ಶಂಕೆಯು ವಾಚಕರಿಗೆ ಬರಬಹುದು. ನನಗೂ ಬಾರದೆ ಇರಲಿಲ್ಲ. ಆದರೆ ವಿಷ್ಣುಶರ್ಮನು ಮೂವರು ರಾಜಕುಮಾರರನ್ನು ಆರು ತಿಂಗಳಲ್ಲಿ ನೀತಿಜ್ಞರನ್ನಾಗಿ ಮಾಡಲು ಒಪ್ಪಿದಾಗ ಅವರಿಗೆ ಶಾಸ್ತ್ರಗ್ರಂಥಗಳನ್ನೆಲ್ಲ ಓದಿಸಲಿಲ್ಲ. ಅವರ ಬುದ್ಧಿಗೆ ಪ್ರವೇಶವಿರುವ ಬಾಗಿಲು ಯಾವದೆಂದು ಹುಡುಕಿ ಕಥೆಯ ಬಾಗಿಲಿನಿಂದ ಒಳಹೊಕ್ಕನು. ನಾನೂ ಮೊದಲು ಬಾಗಿಲನ್ನು ಹುಡುಕಬೇಕೆಂದು ನಿಶ್ಚಯಿಸಿದೆನು.

ಮೊದಲನೆಯ ವಾರದಲ್ಲಿ ನಾನು ಏನನ್ನೂ ಕಲಿಸಲಿಲ್ಲ. ಸಂಜೆ ಒಂದೂವರೆ ತಾಸು ಅವಳಿಂದ ಪಾಠಪುಸ್ತಕಗಳನ್ನು ಗಟ್ಟಿಯಾಗಿ ಓದಿಸಿದೆನು; ಇವತ್ತು ವಿಜ್ಞಾನ, ನಾಳೆ ಇತಿಹಾಸ, ನಾಡದು ಗಣಿತದ ವಾಕ್ಯರೂಪದ ಲೆಕ್ಕಗಳು. ಓದು ತಡೆಯಿಲ್ಲದೆ ಸಾಗುತ್ತಿತ್ತು. ಪ್ರತಿಯೊಂದು ಪರಿಚ್ಛೇದ ಮುಗಿದಾಗ "ತಿಳೀತೇನ ತಂಗಿ?" ಎಂದು ಕೇಳಿದರೆ "ತಿಳೀತ್ರಿ ಸರ್" ಎಂಬ ಉತ್ತರ ಬರುತ್ತಿತ್ತು. "ಹಾಗಾದರೆ ನಿನ್ನ ಮಾತಿನಲ್ಲಿ ಹೇಳು" ಎಂದಕೂಡಲೆ ಮೌನ.

ನಾನು ಮೊದಲು ಹೇಳಿದ ಸುಳ್ಳು ಇದೇ. ಐವತ್ತು ಮಕ್ಕಳ ವರ್ಗದಲ್ಲಿ "ತಿಳಿಯಿತೇ?" ಎಂದು ಕೇಳಿದರೆ ಐವತ್ತು ಕಂಠಗಳೂ "ತಿಳೀತ್ರಿ" ಎನ್ನುವವು. ಇದರಲ್ಲಿ ಮಕ್ಕಳ ದೋಷವಿಲ್ಲ, ಶಿಕ್ಷಕನ ದೋಷವೂ ಇಲ್ಲ. ಎಲ್ಲರ ಮುಂದೆ ಎದ್ದು ನಿಂತು ತಿಳಿಯಲಿಲ್ಲವೆಂದು ಹೇಳುವದಕ್ಕೆ ದೊಡ್ಡವರಿಗೂ ಧೈರ್ಯ ಸಾಲದು. ಒಬ್ಬನೇ ಶಿಷ್ಯನು ಎದುರಿಗೆ ಕುಳಿತಾಗ ಮಾತ್ರ ಈ ಸುಳ್ಳು ಹೆಚ್ಚು ದಿನ ಬಾಳುವದಿಲ್ಲ. ಪಾಠಶಾಲೆಗಳಲ್ಲಿ ನಾವು ಸಂಥೆ ಹೇಳಿಸಿಕೊಳ್ಳುವಾಗ ಗುರುವು ಒಮ್ಮೆ ಅಂದದ್ದನ್ನು ಶಿಷ್ಯನು ಎದುರಿಗೇ ಅನ್ನಬೇಕಾಗಿತ್ತು. ತಪ್ಪಿದ ಸ್ವರವು ಅಲ್ಲಿಯೇ ಹಿಡಿಯಲ್ಪಡುತ್ತಿತ್ತು. ಒಬ್ಬನಿಗೆ ಒಬ್ಬನು ಕಲಿಸುವದರ ಮೊದಲನೆಯ ಗುಣವೆಂದರೆ ಹೀಗೆ ತಪ್ಪು ಅಡಗಿ ಕುಳ್ಳಿರಲು ಸ್ಥಳವಿಲ್ಲದಿರುವದು. ಎಂಟನೆಯ ದಿನ ಆ ಹುಡುಗಿ ಒಂದು ಪರಿಚ್ಛೇದವನ್ನು ಓದಿ, ನಾನು ಕೇಳುವದಕ್ಕೆ ಮೊದಲೇ "ಇದು ತಿಳೀಲಿಲ್ರಿ ಸರ್" ಅಂದಳು. ಆ ದಿನವೇ ನಮ್ಮ ಅಭ್ಯಾಸದ ಆರಂಭವೆಂದು ನಾನು ಎಣಿಸುವೆನು.

ಓದಿಸಿದ್ದರಿಂದ ಕಂಡುಬಂದ ಮೊದಲನೆಯ ಸಂಗತಿ ಇದು: ಅವಳಿಗೆ ಅಕ್ಷರಗಳು ಬರುತ್ತಿದ್ದವು, ಶಬ್ದಗಳು ಬರುತ್ತಿದ್ದವು, ಆದರೆ ಉದ್ದವಾದ ವಾಕ್ಯವು ಬರುತ್ತಿರಲಿಲ್ಲ. ಗಣಿತದಲ್ಲಿ ಸಮೀಕರಣವನ್ನು ಬರೆದುಕೊಟ್ಟರೆ ಬಿಡಿಸುವಳು. ವಾಕ್ಯದಿಂದ ಸಮೀಕರಣವನ್ನು ಮಾಡೆಂದರೆ ಆಗದು. ಇತಿಹಾಸದಲ್ಲಿ ಇಸವಿಗಳನ್ನು ಹೇಳುವಳು. ಯಾರು ಯಾರ ಮೇಲೆ ಏಕೆ ದಂಡೆತ್ತಿದರೆಂದರೆ ಆಗದು. ಗಣಿತದ ಶಿಕ್ಷಕರು ಇವಳಿಗೆ ಗಣಿತ ಬಾರದೆಂದು ತಿಳಿದಿರಬಹುದು, ಇತಿಹಾಸದವರು ಇತಿಹಾಸ ಬಾರದೆಂದು. ರೋಗ ಒಂದೇ, ಅದು ಎರಡು ಕಡೆ ಎರಡು ಹೆಸರಿನಿಂದ ಕರೆಯಿಸಿಕೊಂಡಿತ್ತು. ಎಲ್ಲ ವಿಷಯಗಳನ್ನೂ ಒಬ್ಬನೇ ನೋಡಿದಾಗಲೇ ಇದು ಗೊತ್ತಾಗುವದು.

ಇದಕ್ಕೆ ಔಷಧವು ನನ್ನ ಜೋಳಿಗೆಯಲ್ಲಿಯೇ ಇತ್ತು. ಸಂಸ್ಕೃತ ಶ್ಲೋಕವನ್ನು ಬಿಡಿಸುವದಕ್ಕೆ ಖಂಡಾನ್ವಯವೆಂಬ ಹಳೆಯ ಕ್ರಮವೊಂದುಂಟು. ಶ್ಲೋಕದಲ್ಲಿ ಶಬ್ದಗಳು ಅತ್ತಿತ್ತ ಚದರಿರುವವಾದ್ದರಿಂದ ಮೊದಲು ಕ್ರಿಯಾಪದವನ್ನು ಹುಡುಕಬೇಕು. ಅದು ಸಿಕ್ಕಮೇಲೆ ಅದನ್ನೇ ಕೇಳಬೇಕು: ಯಾರು? ಏನನ್ನು? ಯಾತರಿಂದ? ಎಲ್ಲಿ? ಎಂಥವನು? ಒಂದೊಂದು ಪ್ರಶ್ನೆಗೆ ಒಂದೊಂದು ಪದವು ಎದ್ದು ಬಂದು ತನ್ನ ಸ್ಥಾನದಲ್ಲಿ ಕೂಡುವದು. ಕಾಳಿದಾಸನ ಶ್ಲೋಕಕ್ಕೆ ಸಾಕಾಗುವ ಈ ಉಪಾಯವು ಹತ್ತನೆಯ ಇಯತ್ತೆಯ ಲೆಕ್ಕಕ್ಕೆ ಸಾಲದೇ?

ನಾನು ಒಂದು ಲೆಕ್ಕ ಹಾಕಿಕೊಟ್ಟೆನು: 'ಉದ್ದವು ಅಗಲಕ್ಕಿಂತ ೩೦ ಮೀಟರು ಹೆಚ್ಚಾಗಿರುವ, ೪೦೦೦ ಚದರ ಮೀಟರು ಕ್ಷೇತ್ರಫಲವುಳ್ಳ ಆಯತಾಕಾರದ ಹೊಲದ ಸುತ್ತಲೂ ಒಂದು ಎಳೆ ತಂತಿ ಬಿಗಿಯಲು ಎಷ್ಟು ಉದ್ದದ ತಂತಿ ಬೇಕು?' ಇಂಥದನ್ನು ಅವಳು ಒಂದೇ ಉಸುರಿನಲ್ಲಿ ಓದಿ ಕೈಬಿಡುತ್ತಿದ್ದಳು. ಈಗ ಮೊದಲು ಕ್ರಿಯಾಪದವನ್ನು ಹುಡುಕಿದಳು: ಬೇಕು. ಏನು ಬೇಕು? ತಂತಿ. ಎಷ್ಟು? ಹೊಲದ ಸುತ್ತಳತೆಯಷ್ಟು. ಎಂಥ ಹೊಲ? ಅಗಲ ಗೊತ್ತಿಲ್ಲ, ಉದ್ದವು ಅದಕ್ಕಿಂತ ೩೦ ಹೆಚ್ಚು, ಎರಡನ್ನೂ ಗುಣಿಸಿದರೆ ೪೦೦೦. "ಅಂದ್ರ ಒಂದ ಎಕರೇಕ್ಕ ಒಂದೀಟ ಕಡಿಮಿ ಹೊಲಾರಿ" ಎಂದು ತಾನಾಗಿಯೇ ಅಂದಳು. ಒಂದು ಎಕರೆಯೆಂದರೆ ೪೦೪೭ ಚದರ ಮೀಟರು. ಅವಳ ಅಂದಾಜು ಸರಿಯಾಗಿತ್ತು. ಲೆಕ್ಕವು ಕಾಗದದ ಮೇಲಿನಿಂದ ಇಳಿದು ಎರೆಯ ಹೊಲದಲ್ಲಿ ನಿಂತಿತು. ಅಗಲಕ್ಕೆ ಎರಡು ಉತ್ತರಗಳು ಬಂದವು, ೫೦ ಮತ್ತು ಋಣ ೮೦. ಎರಡನೆಯದನ್ನು ಏಕೆ ಬಿಡಬೇಕೆಂದು ಕೇಳಿದೆನು. ಅವಳು ಸ್ವಲ್ಪ ಯೋಚಿಸಿ, "ಋಣ ಹೊಲದ ಮ್ಯಾಲೆ ಇರತೈತ್ರಿ ಸರ್, ಹೊಲದ ಅಗಲಕ್ಕ ಇರೂದಿಲ್ಲ" ಅಂದಳು. ಬ್ಯಾಂಕಿನ ಸಾಲವನ್ನು ಕಂಡ ಮನೆಯ ಮಗುವಿನ ಉತ್ತರವದು. ನಮ್ಮ ಹಳೆಯ ಗಣಿತಜ್ಞರು ಶೂನ್ಯಕ್ಕಿಂತ ಕೆಳಗಿನ ಸಂಖ್ಯೆಗೆ ಋಣವೆಂದೂ ಮೇಲಿನದಕ್ಕೆ ಧನವೆಂದೂ ಹೆಸರಿಟ್ಟದ್ದು ಸುಮ್ಮನಲ್ಲ. ತಂತಿಯು ೨೬೦ ಮೀಟರು ಬೇಕೆಂಬ ಉತ್ತರವನ್ನು ಅವಳು ಆ ಮೇಲೆ ನಿಮಿಷದಲ್ಲಿ ತೆಗೆದಳು.

ಹುಡುಗಿಯರಿಗೆ ಗಣಿತವು ಒಗ್ಗದೆಂಬ ಮಾತು ಇನ್ನೂ ಕೆಲವರ ಬಾಯಲ್ಲಿರುವದರಿಂದ ಒಂದು ಮಾತನ್ನು ಇಲ್ಲಿ ನೆನಪಿಸುವೆನು. ೧೧೫೦ರಲ್ಲಿ ಭಾಸ್ಕರಾಚಾರ್ಯನು ರಚಿಸಿದ ಲೀಲಾವತಿಯಲ್ಲಿ ಎಷ್ಟೋ ಲೆಕ್ಕಗಳು ಒಬ್ಬ ಬಾಲೆಯನ್ನು ಎದುರಿಗೆ ಕುಳ್ಳಿರಿಸಿಕೊಂಡು, ಅವಳನ್ನೇ ಸಂಬೋಧಿಸಿ ಕೇಳಿದಂತೆ ಇವೆ. ಆ ಬಾಲೆಯು ಆಚಾರ್ಯನ ಮಗಳೆಂಬ ಕಥೆಯು ೧೫೮೭ರಲ್ಲಿ ಅಕಬರನ ಆಸ್ಥಾನದ ಫೈಜಿಯು ಮಾಡಿದ ಪಾರಸಿ ಭಾಷಾಂತರದಿಂದ ಪ್ರಸಿದ್ಧವಾಯಿತು. ಕಥೆ ಹೇಗಿದ್ದರೂ ಇರಲಿ, ನಮ್ಮ ದೇಶದ ಅತ್ಯಂತ ಪ್ರಸಿದ್ಧವಾದ ಗಣಿತಗ್ರಂಥವು ಒಬ್ಬಳೇ ಶಿಷ್ಯೆಗೆ ಹೇಳಿದ ಪಾಠದ ರೂಪದಲ್ಲಿದೆ. ಇಂದಿನ ಪಾಠಪುಸ್ತಕದ 'ಸಮಾಂತರ ಶ್ರೇಢಿ'ಯಲ್ಲಿರುವ ಶ್ರೇಢಿ ಎಂಬ ಶಬ್ದವು ಆ ಗ್ರಂಥದಲ್ಲಿಯೂ ಇದೆ ಎಂದು ಹೇಳಿದಾಗ ನನ್ನ ಶಿಷ್ಯೆಯ ಮುಖವು ಅರಳಿತು.

ಎರಡನೆಯ ಬೇರು ಇನ್ನೂ ಆಳದಲ್ಲಿತ್ತು. ವಿಜ್ಞಾನದಲ್ಲಿ ಮೂರು ಓಮು ಮತ್ತು ಆರು ಓಮುಗಳ ಎರಡು ರೋಧಗಳನ್ನು ಸಮಾಂತರವಾಗಿ ಜೋಡಿಸಿದರೆ ಒಟ್ಟು ರೋಧವೆಷ್ಟೆಂಬ ಲೆಕ್ಕ ಬಂದಿತು. ಸೂತ್ರವನ್ನು ಸರಿಯಾಗಿಯೇ ಬರೆದಳು. ಆ ಮೇಲೆ ಮೂರರಲ್ಲಿ ಒಂದಕ್ಕೆ ಆರರಲ್ಲಿ ಒಂದನ್ನು ಕೂಡಿಸಿ ಒಂಬತ್ತರಲ್ಲಿ ಎರಡು ಎಂದು ಬರೆದಳು. ಮಸೂರದ ಸೂತ್ರದಲ್ಲಿಯೂ ಇದೇ ಗತಿ. ಹಾಗಾದರೆ ಅವಳಿಗೆ ತಿಳಿಯದಿದ್ದದ್ದು ವಿದ್ಯುತ್ತಲ್ಲ, ಬೆಳಕೂ ಅಲ್ಲ, ಭಿನ್ನರಾಶಿ. ಐದು, ಆರು, ಏಳನೆಯ ಇಯತ್ತೆಗಳಲ್ಲಿ ಬಲಿಯಬೇಕಾದ ಪಾಠವದು. ನಾನು ವರ್ಷಗಳನ್ನು ಎಣಿಸಿ ನೋಡಿದೆನು. ೨೦೨೦ರ ಮಾರ್ಚದಲ್ಲಿ ಕೊರೋನಾದ ದೆಸೆಯಿಂದ ಶಾಲೆಗಳು ಮುಚ್ಚಿದಾಗ ಈಕೆ ಐದನೆಯ ಇಯತ್ತೆಯಲ್ಲಿದ್ದಳು. ಆ ವರ್ಷದ ಅಗಸ್ಟದಲ್ಲಿ ವಿದ್ಯಾಗಮವೆಂಬ ಯೋಜನೆಯಿಂದ ಶಿಕ್ಷಕರು ಗುಡಿಯ ಪೌಳಿಗಳಲ್ಲಿ, ಗಿಡಗಳ ನೆರಳಿನಲ್ಲಿ ಚಿಕ್ಕ ಗುಂಪುಗಳಿಗೆ ಪಾಠ ಹೇಳಿದರು. ಸೋಂಕಿನ ಭೀತಿಯಿಂದ ಅಕ್ಟೋಬರದಲ್ಲಿ ಅದೂ ನಿಂತಿತು. ೨೦೨೧ರ ಸಪ್ಟೆಂಬರದಲ್ಲಿ ಆರರಿಂದ ಎಂಟರವರೆಗಿನ ವರ್ಗಗಳು ಮತ್ತೊಮ್ಮೆ ತೆರೆದವು. ಅಷ್ಟರಲ್ಲಿ ಈಕೆ ಏಳನೆಯ ಇಯತ್ತೆಗೆ ಬಂದಿದ್ದಳು. ಭಿನ್ನರಾಶಿಯು ನಡುವಿನ ಹೊಳೆಯಲ್ಲಿ ತೇಲಿಹೋಗಿತ್ತು.

ಈ ಲೆಕ್ಕವನ್ನು ಅವಳೆದುರಿಗೆ ಇಟ್ಟದ್ದರಿಂದ ಪಾಠಕ್ಕಿಂತ ಹೆಚ್ಚು ಉಪಕಾರವಾಯಿತೆಂದು ನನ್ನ ನಂಬಿಗೆ. ನಾಲ್ಕು ವರ್ಷಗಳಿಂದ ತಾನು ದಡ್ಡಿಯೆಂದು ಆ ಮಗು ನಿಶ್ಚಯ ಮಾಡಿಕೊಂಡಿತ್ತು. ತನ್ನ ತಪ್ಪಿಲ್ಲದೆ ಕಳೆದುಹೋದ ಒಂದು ಮೆಟ್ಟಲಿನ ಮಾತು ಇದು ಎಂದು ತಿಳಿದ ಮೇಲೆ ಅವಳು ಕುಳ್ಳಿರುವ ರೀತಿಯೇ ಬದಲಾಯಿತು. ಬಳಿಕ ನಾವು ನಾಚಿಕೆಪಡದೆ ಐದನೆಯ ಇಯತ್ತೆಗೆ ಇಳಿದೆವು. ಹನ್ನೆರಡು ಎಕರೆ ಹೊಲ. ಒಬ್ಬನಿಗೆ ಮೂರರಲ್ಲಿ ಒಂದು ಪಾಲು, ಇನ್ನೊಬ್ಬನಿಗೆ ಆರರಲ್ಲಿ ಒಂದು. ನಾಲ್ಕು ಎಕರೆ, ಎರಡು ಎಕರೆ. ಕೂಡಿದರೆ ಆರು, ಅಂದರೆ ಅರ್ಧ. "ಒಂಬತ್ತರಲ್ಲಿ ಎರಡು ಪಾಲೆಂದರೆ ಮೂರರಲ್ಲಿ ಒಂದಕ್ಕಿಂತಲೂ ಕಡಿಮೆ. ಇದ್ದ ಪಾಲಿಗೆ ಮತ್ತಷ್ಟು ಕೂಡಿಸಿದರೆ ಅದು ಕಡಿಮೆಯಾಗುವದೇನು?" ಎಂದಾಗ ಅವಳಿಗೆ ನಗು ಬಂದಿತು. ರೋಧದ ಉತ್ತರವು ಎರಡು ಓಮೆಂದು ಹೇಳಲು ಆ ಮೇಲೆ ನನ್ನ ಅವಶ್ಯಕತೆಯಿರಲಿಲ್ಲ. ಹದಿನೈದು ದಿನ ನಾವು ಪಾಲುಗಳಲ್ಲಿಯೇ ಕಳೆದೆವು. ಪರೀಕ್ಷೆಗೆ ನಾಲ್ಕು ತಿಂಗಳಿರುವಾಗ ಹದಿನೈದು ದಿನಗಳನ್ನು ಕೆಳಗಿನ ವರ್ಗದ ಪಾಠಕ್ಕೆ ಕೊಡುವದು ವರ್ಗದ ಶಿಕ್ಷಕನಿಗೆ ಸಾಧ್ಯವಿಲ್ಲ. ಒಬ್ಬಳಿಗೆ ಕಲಿಸುವವನಿಗೆ ಸಾಧ್ಯ.

ವಿಜ್ಞಾನದ ಪಾಠಗಳಲ್ಲಿ ನನಗೆ ಇನ್ನೊಂದು ಅನುಕೂಲವೊದಗಿತು. ನಮ್ಮ ಕನ್ನಡ ಪಾಠಪುಸ್ತಕಗಳ ಪಾರಿಭಾಷಿಕ ಶಬ್ದಗಳು ಬಹುತೇಕ ಸಂಸ್ಕೃತದವು. ಮಕ್ಕಳು ಅವನ್ನು ಅರ್ಥವಿಲ್ಲದ ಮಂತ್ರಗಳಂತೆ ಬಾಯಿಪಾಠ ಮಾಡುವರು. ದ್ಯುತಿಯೆಂದರೆ ಬೆಳಕು, ಸಂಶ್ಲೇಷಣೆಯೆಂದರೆ ಕೂಡಿಸುವದು. ಬೆಳಕಿನ ಬಲದಿಂದ ಎಲೆಯು ನೀರನ್ನೂ ಗಾಳಿಯೊಳಗಿನ ಅಂಗಾರಾಮ್ಲವನ್ನೂ ಕೂಡಿಸಿ ಅನ್ನ ಮಾಡಿಕೊಳ್ಳುವದೆಂದರೆ 'ದ್ಯುತಿಸಂಶ್ಲೇಷಣೆ'ಯು ಹೆದರಿಸುವದಿಲ್ಲ. ವಕ್ರೀಭವನವೆಂಬಲ್ಲಿ ನಡುವೆ ಬಂದ ಈಕಾರವು ಮೊದಲು ಹಾಗಿಲ್ಲದ್ದು ಈಗ ಹಾಗಾಯಿತೆಂಬುದನ್ನು ಸೂಚಿಸುವದು. ನೆಟ್ಟಗಿದ್ದ ಬೆಳಕು ಬಾಗಿತೆಂಬ ವ್ಯಾಖ್ಯೆಯು ಶಬ್ದದೊಳಗೇ ಇದೆ. ನೀರು ತುಂಬಿದ ಗಾಜಿನ ಲೋಟದಲ್ಲಿ ಪೆನ್ಸಿಲು ಮುರಿದಂತೆ ಕಾಣುವದನ್ನು ತೋರಿಸಿದರೆ ಪಾಠ ಮುಗಿಯಿತು. ಮಸೂರವೆಂದರೆ ಅಡಿಗೆಮನೆಯ ಮಸೂರ ಕಾಳೇ, ಅಂದರೆ ಚನ್ನಂಗಿ. ನಡುವೆ ಉಬ್ಬಿ ಅಂಚಿನಲ್ಲಿ ತೆಳ್ಳಗಾದ ಗಾಜಿಗೆ ಅದರ ಆಕಾರದಿಂದ ಆ ಹೆಸರು. ಯುರೋಪದ ಪಂಡಿತರೂ ಈ ಗಾಜಿಗೆ ಲ್ಯಾಟಿನ್ ಭಾಷೆಯಲ್ಲಿ ಆ ಕಾಳಿನ ಹೆಸರನ್ನೇ ಇಟ್ಟರು. ಆದರೆ ಶಬ್ದವು ಬಾಗಿಲೇ ಹೊರತು ಮನೆಯಲ್ಲ. ಮಸೂರದ ಅರ್ಥವನ್ನು ಬಲ್ಲ ಮಾತ್ರಕ್ಕೆ ಸಂಗಮದೂರವು ಗೊತ್ತಾಗದು. ಅಂಥ ಕಡೆಗಳಲ್ಲಿ ನಾನು ಹಿಂದಿನ ರಾತ್ರಿ ಅವಳ ಪುಸ್ತಕವನ್ನು ಓದಿಕೊಂಡು, ಸಂಶಯ ಬಂದರೆ ವಿಜ್ಞಾನ ಬಲ್ಲ ಸ್ನೇಹಿತರನ್ನು ಫೋನಿನಲ್ಲಿ ಕೇಳಿಕೊಂಡು, ಮರುದಿನ ಹೇಳುತ್ತಿದ್ದೆನು. "ಇದನ್ನು ನಿನ್ನೆ ರಾತ್ರಿ ಕಲಿತೆನು" ಎಂದು ಅವಳಿಗೆ ಹೇಳಿಯೂ ಬಿಡುತ್ತಿದ್ದೆನು. ಅರವತ್ತು ವರ್ಷದವನು ರಾತ್ರಿ ಕುಳಿತು ಕಲಿಯುವದನ್ನು ಕಂಡು ಶಿಷ್ಯೆಯ ಗೌರವವು ಕಡಿಮೆಯಾದಂತೆ ನನಗೆ ತೋರಲಿಲ್ಲ.

ಇಂಗ್ಲಿಷು ಹಿಂದಿಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಮೂರು ಭಾಷೆಗಳಲ್ಲಿಯೂ ಕರ್ತೃ, ಕರ್ಮ, ಕ್ರಿಯೆಗಳು ಅವೇ. ಕನ್ನಡ ಹಿಂದಿಗಳಲ್ಲಿ ಕ್ರಿಯೆಯು ಕೊನೆಗೆ ಕೂಡುವದು, ಇಂಗ್ಲಿಷಿನಲ್ಲಿ ಕರ್ತೃವಿನ ಬೆನ್ನಿಗೇ ಬರುವದು. ಈ ಒಂದು ಸೂತ್ರವನ್ನು ಹಿಡಿದು ದಿನಕ್ಕೆ ಹತ್ತು ವಾಕ್ಯಗಳನ್ನು ಬರೆಯಿಸಿದೆನು.

ಸಮಾಜ ವಿಜ್ಞಾನದಲ್ಲಿ ಜನವರಿಯ ಒಂದು ಸಂಜೆ ನಡೆದದ್ದನ್ನು ಮಾತ್ರ ಹೇಳಲೇಬೇಕು. 'ದತ್ತು ಮಕ್ಕಳಿಗೆ ಹಕ್ಕಿಲ್ಲ' ಎಂಬ ನೀತಿಯ ಪಾಠ. ಲಾರ್ಡ ಡಾಲ್‌ಹೌಸಿಯು ೧೮೪೮ರಲ್ಲಿ ಗವರ್ನರ್ ಜನರಲನಾಗಿ ಬಂದು ಈ ನೀತಿಯನ್ನು ನಡೆಸಿದನೆಂದು ಅವಳು ಓದಿದಳು. ಬಳಿಕ ನಮ್ಮ ನೆರೆಯ ನರಗುಂದದ ಬಾಬಾಸಾಹೇಬನ ಕಥೆ. ಆತನಿಗೆ ದತ್ತಕದ ಅನುಮತಿಯನ್ನು ನಿರಾಕರಿಸಿದ್ದರಿಂದ ೧೮೫೮ರಲ್ಲಿ ಬಂಡೆದ್ದನು. ಅವಳು ಪುಸ್ತಕದಿಂದ ಮುಖವೆತ್ತಿ, "ಸರ್, ಕಿತ್ತೂರ ಚನ್ನಮ್ಮನ ದತ್ತುಮಗಗೂ 'ಹಕ್ಕಿಲ್ಲ' ಅಂದ್ರಲ್ರಿ. ಅದು ೧೮೨೪. ಡಾಲ್‌ಹೌಸಿ ಬಂದದ್ದು ೧೮೪೮. ಅಂವಾ ಬರೂಕಿಂತ ಮೊದ್ಲ ಇದು ಹ್ಯಾಂಗ ನಡೀತ್ರಿ?" ಎಂದು ಕೇಳಿದಳು. ಯಾರೂ ಅವಳಿಗೆ ಕೊಡದ, ಯಾವ ಮಾದರಿ ಪ್ರಶ್ನೆಪತ್ರಿಕೆಯಲ್ಲಿಯೂ ನಾನು ಕಾಣದ ಪ್ರಶ್ನೆ ಅದು. ಡಾಲ್‌ಹೌಸಿಯು ಇದನ್ನು ಹೊಸದಾಗಿ ಹುಟ್ಟಿಸಲಿಲ್ಲ. ಕಂಪನಿಯವರು ಮೊದಲೇ ಅಲ್ಲಲ್ಲಿ ಅನುಕೂಲ ಕಂಡಂತೆ ನಡೆಸಿದ್ದನ್ನು ಆತನು ಬಿಗಿಯಾದ ಕ್ರಮವನ್ನಾಗಿ ಮಾಡಿದನು ಎಂದು ಹೇಳಿದೆನು. ೧೮೨೪ರ ಅಕ್ಟೋಬರ ೨೩ರಂದು ಕಿತ್ತೂರಿನಲ್ಲಿ ಮಡಿದ ಕಲೆಕ್ಟರ ಥ್ಯಾಕರೆಯ ಸ್ಮಾರಕವು ಧಾರವಾಡದಲ್ಲಿಯೇ ಇದೆ ಎಂಬದನ್ನೂ ತಿಳಿಸಿದೆನು. ಎರಡು ಇಸವಿಗಳನ್ನು ಅಕ್ಕಪಕ್ಕದಲ್ಲಿಟ್ಟು ಅವುಗಳ ನಡುವಿನ ಅಸಂಗತಿಯನ್ನು ಹಿಡಿದ ಮೇಲೆ ಆ ಹುಡುಗಿಯು ಬರಿಯ ಪಾಠ ಒಪ್ಪಿಸುವವಳಾಗಿ ಉಳಿಯಲಿಲ್ಲ.

ಅದೇ ತಿಂಗಳಲ್ಲಿ ಅವಳ ತಂದೆಯು ಮತ್ತೆ ಬಂದು ಮುಖ್ಯ ಪ್ರಶ್ನೆಗಳ ಮಾತೆತ್ತಿದನು. ಹತ್ತಿ ಬಿಡಿಸುವ ಕಾಲ; ರಜೆಯ ದಿನಗಳಲ್ಲಿ ಮಗಳ ಕೈಗಳು ಹೊಲದಲ್ಲಿ ಬೇಕಾಗಿದ್ದರೂ ಆತನು ಸಂಜೆಯ ಪಾಠವನ್ನು ತಪ್ಪಿಸಿರಲಿಲ್ಲ. ಪಾಸಾಗುವದು ಕ್ಷುದ್ರವಾದ ವಿಷಯವೆಂದು ಪಂಡಿತರು ಮೂಗು ಮುರಿಯಬಹುದು. ಇಂಥ ಮನೆಯಲ್ಲಿ ಅದು ಹೊಸ್ತಿಲು. ಅದನ್ನು ದಾಟಿದರೆ ಮುಂದೆ ದಾರಿಯುಂಟು. ಆದ್ದರಿಂದ ಕೊನೆಯ ಆರು ವಾರ ಹಿಂದಿನ ವರ್ಷಗಳ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಮುಂದಿಟ್ಟುಕೊಂಡು ಬರೆಯಿಸುವೆನೆಂದು ಮಾತು ಕೊಟ್ಟೆನು, ಹಾಗೆಯೇ ಮಾಡಿದೆನು. ಆದರೆ ತಿಳಿಯದ ಉತ್ತರವೊಂದನ್ನೂ ಬಾಯಿಪಾಠ ಮಾಡಿಸಲಿಲ್ಲ. ಬಾಯಿಪಾಠವು ಕೆಟ್ಟದ್ದೆಂದಲ್ಲ, ನಾನು ಅಮರಕೋಶವನ್ನು ಬಾಯಿಪಾಠ ಮಾಡಿ ಬೆಳೆದವನು. ಆದರೆ ಕಂಠಸ್ಥವಾದದ್ದು ಕಾಲಾಂತರದಲ್ಲಿ ಅರ್ಥವಾಗುವದಕ್ಕೆ ವರ್ಷಗಳ ಸಾವಕಾಶ ಬೇಕು. ಈ ಮಗುವಿಗೆ ಇದ್ದದ್ದು ವಾರಗಳು.

ಒಂಟಿ ಶಿಕವಣಿಯ ಕೊರತೆಯನ್ನೂ ಮುಚ್ಚಿಡಬಾರದು. ವಿದ್ಯೆಯ ಕಾಲುಪಾಲು ಮಾತ್ರ ಗುರುವಿನಿಂದ, ಕಾಲುಪಾಲು ಸ್ವಬುದ್ಧಿಯಿಂದ, ಕಾಲುಪಾಲು ಸಹಪಾಠಿಗಳಿಂದ, ಉಳಿದದ್ದು ಕಾಲಕ್ರಮದಿಂದ ಬರುವದೆಂದು ನಮ್ಮ ಹಿರಿಯರು ಲೆಕ್ಕ ಹಾಕಿದ್ದಾರೆ. ಒಬ್ಬಳನ್ನೇ ಕುಳ್ಳಿರಿಸಿ ಕಲಿಸಿದರೆ ಸಹಪಾಠಿಗಳ ಪಾಲು ಸೊನ್ನೆ. ಇದಕ್ಕಾಗಿ ರವಿವಾರ ರವಿವಾರ ಅವಳ ತಂಗಿಯನ್ನೂ ಕರೆಯಿಸಿ, ಎಂಟನೆಯ ಇಯತ್ತೆಯ ಆ ಮಗುವಿಗೆ ಭಿನ್ನರಾಶಿಯನ್ನು ಅಕ್ಕನಿಂದಲೇ ಹೇಳಿಸಿದೆನು. ಹೇಳಲು ಹೋದಾಗ ಅಕ್ಕನಿಗೆ ತನ್ನ ತಿಳಿವಿನ ತೂತುಗಳು ಕಂಡವು. ಮನೆಯಲ್ಲಿ ತಾಯಿಯು ರೊಟ್ಟಿ ಬಡಿಯುವಾಗ ಹತ್ತು ನಿಮಿಷ ಗಟ್ಟಿಯಾಗಿ ಓದಿ ತೋರಿಸಬೇಕೆಂದು ನಿಯಮ ಮಾಡಿದೆನು. ಆ ತಾಯಿಗೆ ಅಕ್ಷರ ಬಾರದು. ಆದರೆ ಆಕೆ ನಡುನಡುವೆ "ಹಂಗಂದ್ರ ಏನವಾ?" ಎಂದು ಕೇಳುತ್ತಿದ್ದಳಂತೆ. ನನ್ನ ಒಂದೂವರೆ ತಾಸಿನ ಪಾಠಕ್ಕಿಂತ ಆ ಒಂದು ಪ್ರಶ್ನೆಯು ಕಡಿಮೆ ಬೆಲೆಯುಳ್ಳದ್ದೆಂದು ನಾನು ಹೇಳಲಾರೆನು.

೧೯೮೪ರಲ್ಲಿ ಅಮೇರಿಕೆಯ ಬೆಂಜಮಿನ್ ಬ್ಲೂಮ್ ಎಂಬ ಶಿಕ್ಷಣಶಾಸ್ತ್ರಜ್ಞನು ಒಂದು ಪ್ರಸಿದ್ಧ ಲೇಖವನ್ನು ಬರೆದನು. ಒಬ್ಬ ಶಿಕ್ಷಕನ ಎದುರಿಗೆ ಒಬ್ಬನೇ ಕುಳಿತು ಕಲಿತ ಸಾಧಾರಣ ವಿದ್ಯಾರ್ಥಿಯು, ವರ್ಗದಲ್ಲಿ ಕಲಿತ ನೂರರಲ್ಲಿ ತೊಂಬತ್ತೆಂಟು ಮಂದಿಯನ್ನು ಮೀರಿಸಿದನೆಂದು ಅದರಲ್ಲಿ ಹೇಳಿದನು. ಮುಂದಿನ ಸಂಶೋಧಕರಿಗೆ ಇಷ್ಟು ದೊಡ್ಡ ಅಂತರವು ಕಾಣಲಿಲ್ಲ. ಲಾಭವಿರುವದಂತೂ ನಿಜವೆಂದು ಕಂಡಿತು. ಬ್ಲೂಮನ ಮುಖ್ಯವಾದ ಚಿಂತೆ ಬೇರೆಯಾಗಿತ್ತು. ಪ್ರತಿಯೊಂದು ಮಗುವಿಗೂ ಒಬ್ಬ ಶಿಕ್ಷಕನನ್ನು ಕೊಡುವದು ಯಾವ ಸಮಾಜಕ್ಕೂ ಶಕ್ಯವಿಲ್ಲವಾದ್ದರಿಂದ, ಈ ಗುಣವನ್ನು ಶಾಲೆಯ ವರ್ಗದೊಳಗೇ ತರುವದು ಹೇಗೆ ಎಂಬದನ್ನು ಆತನು ಕೇಳಿದನು. ನಾಲ್ವತ್ತು ವರ್ಷಗಳಾದರೂ ಆ ಪ್ರಶ್ನೆ ಹಾಗೆಯೇ ನಿಂತಿದೆ. ಈಗ ಮೊಬೈಲು ಎಲ್ಲವನ್ನೂ ವಿವರಿಸಬಲ್ಲದು. ಆದರೆ ಎದುರಿಗೆ ಕುಳಿತ ಮಗುವಿನ ಹುಬ್ಬು ಗಂಟಿಕ್ಕಿದ್ದನ್ನು ನೋಡಿ ಪಾಠವನ್ನು ನಿಲ್ಲಿಸುವವರು ಹತ್ತಿರದಲ್ಲಿ ಒಬ್ಬರಾದರೂ ಬೇಕು.

೨೦೨೫ರ ಮಾರ್ಚದಲ್ಲಿ ಪರೀಕ್ಷೆ ನಡೆಯಿತು. ಮೇ ತಿಂಗಳ ಮೊದಲಲ್ಲಿ ಫಲಿತಾಂಶ ಬಂದಿತು. ಐದು ವಿಷಯಗಳಲ್ಲಿ ಅವಳು ಉತ್ತೀರ್ಣಳಾಗಿದ್ದಳು. ವಿಜ್ಞಾನದಲ್ಲಿ ಅರ್ಧಕ್ಕಿಂತ ಹೆಚ್ಚು ಅಂಕಗಳು ಬಂದಿದ್ದವು. ಗಣಿತದಲ್ಲಿ ಆರು ಅಂಕ ಕಡಿಮೆಯಾಗಿ ನಿಂತಿತು. ಐದು ವರ್ಷಗಳಲ್ಲಿ ಸಡಲಿದ್ದು ಐದು ತಿಂಗಳಲ್ಲಿ ಪೂರಾ ಬಿಗಿಯಲಿಲ್ಲ. ಹಿಂದಿನ ವರ್ಷದಿಂದ ಒಂದೇ ಸಾಲಿನಲ್ಲಿ ಮೂರು ಪರೀಕ್ಷೆಗಳಿಗೆ ಕೂಡುವ ಅವಕಾಶವನ್ನು ಸರಕಾರವು ಕಲ್ಪಿಸಿದ್ದರಿಂದ ಮೇ ತಿಂಗಳ ಕೊನೆಗೆ ಎರಡನೆಯ ಪರೀಕ್ಷೆಯಿತ್ತು. ತಂದೆಯು ಏನನ್ನುವನೋ ಎಂದು ನನಗೆ ಆತಂಕವಿದ್ದಿತು. ಆದರೆ ಮಾತಾಡಿದವಳು ಹುಡುಗಿ. "ಈ ಸಲ ನಾನs ಓದತೀನ್ರಿ ಸರ್. ತಿಳೀಲಾರದ್ದು ಅಷ್ಟ ಕೇಳಾಕ ಬರತೀನಿ" ಅಂದಳು. ಮೂರು ವಾರಗಳಲ್ಲಿ ಮೂರೇ ಸಲ ಬಂದಳು. ಮೂರು ಸಲವೂ, ಎಲ್ಲಿಯವರೆಗೆ ತಿಳಿಯಿತು, ಎಲ್ಲಿಂದ ತಿಳಿಯಲಿಲ್ಲ ಎಂಬದನ್ನು ಗೆರೆ ಎಳೆದು ಗುರುತು ಮಾಡಿಕೊಂಡೇ ಬಂದಿದ್ದಳು. ಎರಡನೆಯ ಪರೀಕ್ಷೆಯಲ್ಲಿ ಗಣಿತವೂ ಆಯಿತು. ತಂದೆಯು ಕೊಟ್ಟ ಮಾತನ್ನು ಉಳಿಸಿಕೊಂಡನು. ೨೦೨೩ರ ಜೂನದಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟಿನ ವೆಚ್ಚ ತಪ್ಪಿದ್ದೂ ಅವಳಿಗೆ ಸಹಾಯವಾಗಿ, ಹುಬ್ಬಳ್ಳಿಯ ಪದವಿಪೂರ್ವ ಕಾಲೇಜಿಗೆ ದಿನಾಲು ಹೋಗಿಬರತೊಡಗಿದಳು.

ಮಾಲವಿಕಾಗ್ನಿಮಿತ್ರದಲ್ಲಿ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಶ್ರೇಷ್ಠರಾರೆಂದು ಜಗಳಾಡಿದಾಗ, ಅವರ ಶಿಷ್ಯೆಯರ ಪ್ರಯೋಗವನ್ನು ನೋಡಿ ನಿರ್ಣಯಿಸಬೇಕೆಂದು ಗೊತ್ತಾಗುವದು. ಶಿಕವಣಿಯ ಪರೀಕ್ಷೆಯನ್ನೂ ಹಾಗೆಯೇ ಮಾಡಬೇಕು. ಆದರೆ ನೋಡಬೇಕಾದ ಪ್ರಯೋಗವು ಅಂಕಪಟ್ಟಿಯೊಂದೇ ಅಲ್ಲ. ಕಲಿಸುವವನಿಲ್ಲದಾಗ ಮಗುವು ಏನು ಮಾಡುವದೆಂಬದೇ ನಿಜವಾದ ಪ್ರಯೋಗ. ಎಷ್ಟು ವರ್ಷ ಹಚ್ಚಿದರೂ ಮುಗಿಯದ ಶಿಕವಣಿಯು ಊರುಗೋಲೇ ಹೊರತು ಕಾಲಲ್ಲ.

ಆದುದರಿಂದ ಪಾಲಕರಲ್ಲಿ ನನ್ನ ವಿಜ್ಞಾಪನೆ ಇಷ್ಟೇ. ಆರು ಜನರಲ್ಲಿ ಶಿಕವಣಿ ಹಚ್ಚುವ ಮೊದಲು ನಿಮ್ಮ ಮಗುವಿನ ಹತ್ತಿರ ಒಂದು ವಾರ ಕುಳಿತು ಅದರ ಪುಸ್ತಕಗಳನ್ನು ಅದರಿಂದಲೇ ಓದಿಸಿರಿ. ನಿಮಗೆ ಆ ವಿಷಯ ಬಾರದಿದ್ದರೂ ಚಿಂತೆಯಿಲ್ಲ, "ಹಾಗೆಂದರೇನು?" ಎಂದು ಕೇಳಲು ಪಾಂಡಿತ್ಯ ಬೇಡ. ಎಲ್ಲಿ ಉತ್ತರ ನಿಲ್ಲುವದೋ ಅಲ್ಲಿ ಗುರುತು ಮಾಡಿರಿ. ಆ ಗುರುತು ಮೂರನೆಯ ಇಯತ್ತೆಯಲ್ಲಿದ್ದರೆ ಮೂರನೆಯ ಇಯತ್ತೆಗೇ ಇಳಿಯುವ ಶಿಕ್ಷಕನನ್ನು ಹುಡುಕಿರಿ, ಮತ್ತು ಇಳಿದದ್ದಕ್ಕಾಗಿ ಮಗುವನ್ನು ಹಂಗಿಸಬೇಡಿರಿ. ನಿಮ್ಮ ಮಗುವು "ತಿಳಿಯಲಿಲ್ಲ" ಎಂದು ಅಂಜದೆ ಹೇಳಿದ ದಿನ ಅದನ್ನು ಗದರಿಸದೆ ಹತ್ತಿರ ಕರೆದು ಕುಳ್ಳಿರಿಸಿಕೊಳ್ಳಿರಿ.